ಗ್ಯಾಸ್ ಎಂದು ಕಾಯದಿರಿ

ಎದೆಯ ಬಿಗಿತವನ್ನು ಗ್ಯಾಸ್ ಎಂದು ತಿಳಿದು, ಮಾತ್ರೆ ನುಂಗಿ ಬೆಳಗಾಗಲೆಂದು ಕಾಯುವವರು ಈಗಲೂ ಅನೇಕರಿರುವುದು ಕಳವಳದ ಸಂಗತಿ. ಆ ಬಿಗಿತ ಹೃದಯಾಘಾತದ್ದಾಗಿದ್ದರೆ, ಹೃದಯದ ರಕ್ತನಾಳ ಮುಚ್ಚಿಕೊಂಡ ಅರ್ಧ ಗಂಟೆಯ ಆಸುಪಾಸಿನಲ್ಲೇ ಹೃದಯದ ಸ್ನಾಯು ಸಾಯತೊಡಗುತ್ತದೆ. ಹೆಪ್ಪು ಕರಗಿಸುವ ಚುಚ್ಚುಮದ್ದಾಗಲಿ, ಮುಚ್ಚಿದ ರಕ್ತನಾಳವನ್ನು ತೆರೆಯುವ ಆಂಜಿಯೋಪ್ಲಾಸ್ಟಿಯಾಗಲಿ ತಡವಾದಷ್ಟೂ ಫಲ ಕಡಿಮೆ. ಮಹಿಳೆಯರು, ವೃದ್ಧರು, ಮಧುಮೇಹಿಗಳ ಪಾಡಂತೂ ಇನ್ನೂ ಕಷ್ಟ. ಅವರಲ್ಲಿ ಕೆಲವರಿಗೆ ಎದೆನೋವೇ ಇರುವುದಿಲ್ಲ. ದವಡೆ ಅಥವಾ ಬೆನ್ನಿನಲ್ಲಿ ನೋವು, ವಾಕರಿಕೆ, ತಣ್ಣನೆಯ ಬೆವರು, ಏದುಸಿರು, ಅಷ್ಟೇ. ಮನೆಯವರು ಸುಸ್ತೆಂದು ಸುಮ್ಮನಾಗುತ್ತಾರೆ. ಮೊದಲ ಇಸಿಜಿ ಸರಿಯಿದೆ ಎಂಬ ಒಂದೇ ಕಾರಣಕ್ಕೆ ರೋಗಿಯನ್ನು ಹಿಂದಕ್ಕೆ ಕಳುಹಿಸುವುದೂ ಅಪಾಯವೇ. ಇಂಥ ಲಕ್ಷಣಗಳಿರುವವರಿಗೆ 10 ನಿಮಿಷದೊಳಗೆ ಇಸಿಜಿ ಮಾಡುವುದನ್ನು, ಅನುಮಾನ ಉಳಿದರೆ ಅದನ್ನು ಮರಳಿ ಮಾಡಿ, ಹೃದಯದ ಸ್ನಾಯುವಿಗಾದ ಹಾನಿಯನ್ನು ತೋರಿಸುವ ಟ್ರೋಪೋನಿನ್ ರಕ್ತಪರೀಕ್ಷೆಯನ್ನೂ ನಡೆಸುವುದನ್ನು ಎಲ್ಲ ಆಸ್ಪತ್ರೆಗಳೂ ಕಡ್ಡಾಯ ಮಾಡಿಕೊಳ್ಳಲಿ.