ಕಂಬದ ಮುಂದೆ ಕೂತ ಹುಡುಗ

ಧಾರವಾಡ

ಪ್ರೀತಿಯ ಮಗಳೇ,

ಗದಗಿನ ಬಗ್ಗೆ ನೀನು ಬರೆದು ಕಳಿಸಿದ ನಲವತ್ತು ಪುಟ ಎರಡು ಸಲ ಓದಿದೆ. ಕಾಗುಣಿತ, ಪ್ರಕಾಶಕರು, ಅದೆಲ್ಲ ಆಮೇಲೆ. ತಿದ್ದಲಿಕ್ಕೆ ಬೇಕಾದಷ್ಟು ಜನ ಸಿಗುತ್ತಾರೆ.

ಬರೆದದ್ದರಲ್ಲಿ ತಪ್ಪೇನಿಲ್ಲ. ವೀರನಾರಾಯಣನ ಗುಡಿಯ ಕಂಬಕ್ಕೊರಗಿದ ಕುಮಾರವ್ಯಾಸ, 1922ರಲ್ಲಿ ಹುಟ್ಟಿದ ಭೀಮಸೇನ ಜೋಶಿ, ಸಂಗೀತ ಕಲಿಸುವ ಪುಣ್ಯಾಶ್ರಮದ ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜರು, ಎಲ್ಲರೂ ಸಾಲಾಗಿ ನಿಂತಿದ್ದಾರೆ, ಸನ್ಮಾನದ ಫ್ಲೆಕ್ಸಿನಲ್ಲಿ ನಿಂತ ಹಾಗೆ. ‘ಆಶ್ರಮದಲ್ಲಿ ನಾದದ ಹೊಳೆ ಹರಿಯುತ್ತದೆ’ ಅಂದಿದ್ದೀಯ. ಅಂದು ಯಾರು ಹಾಡುತ್ತಿದ್ದರು? ಎಲ್ಲಿ ತಪ್ಪಿದರು? ನೀನು ಎಷ್ಟು ಹೊತ್ತು ಕೂತಿದ್ದೆ?

ಸಿಟ್ಟು ಬಂತು, ನಿಜ. ಜಾಸ್ತಿ ನನ್ನ ಮೇಲೇ. ಇಪ್ಪತ್ತಾರರ ವಯಸ್ಸಿನಲ್ಲಿ ಹುಬ್ಬಳ್ಳಿಯ ಒಂದು ಸಂಗೀತ ಕಛೇರಿಯಿಂದ ಕೊನೆಯ ಬಸ್ಸಿಗಾಗಿ ನಡುವೆಯೇ ಎದ್ದು ಬಂದಿದ್ದೆ. ವರದಿಯಲ್ಲಿ ಮಾತ್ರ, ಕೊನೆಯ ಭೈರವಿ ರಾಗ ಕಣ್ಣಲ್ಲಿ ನೀರು ತರಿಸಿತು ಅಂತ ಬರೆದೆ. ಅಂದು ಭೈರವಿ ಹಾಡಿರಲೇ ಇಲ್ಲ. ಹಾಡುತ್ತಿದ್ದ ಹಿರಿಯರು ಗಂಟಲು ಕೈಕೊಟ್ಟು ಬೇಗ ಮುಗಿಸಿದ್ದರಂತೆ. ಮುಂದೆ ಸಿಕ್ಕಾಗ ಆ ಹಿರಿಯರು ಬೈಯಲಿಲ್ಲ. “ಭೈರವಿ ಛಲೋ ಕೇಳೀರಿ ಬಿಡ್ರಿ” ಅಂದು ಎಲೆಯಡಿಕೆ ಡಬ್ಬಿ ನನ್ನ ಕಡೆ ಸರಿಸಿದರು. ಊರೆಲ್ಲ ಹೊಗಳಿದ್ದು ಅದೇ ಭೈರವಿಯ ಸಾಲನ್ನು. ಇವತ್ತಿಗೂ ಯಾರಾದರೂ ನನ್ನ ಬರಹ ಹೊಗಳಿದರೆ ಆ ಡಬ್ಬಿ ನೆನಪಾಗುತ್ತದೆ.

ಈಗ ಹದಿನೇಳನೇ ಪುಟಕ್ಕೆ ಬಾ. ಗದಗಿನ ತ್ರಿಕೂಟೇಶ್ವರ ಗುಡಿಯ ಆವರಣ, ಅಲ್ಲಿನ ಸರಸ್ವತಿ ಗುಡಿ. ಚಿತ್ರಕಲಾ ಶಾಲೆಯ ಹುಡುಗನೊಬ್ಬ ಒಂದೇ ಕಂಬದ ಮುಂದೆ ಮೂರು ದಿನ ಕೂತಿದ್ದ, ರಬ್ಬರ್ ಉಜ್ಜಿ ಉಜ್ಜಿ ಹಾಳೆ ಹರಿದಿತ್ತು. ಎರಡೇ ಸಾಲು. ಇದನ್ನು ನೀನು ನೋಡಿದ್ದೀಯ, ಅಲ್ವಾ? ಮರುಸಾಲಿನಲ್ಲೇ ‘ಇಂದಿನ ಪೀಳಿಗೆ ಪರಂಪರೆಯನ್ನು ಮುನ್ನಡೆಸುತ್ತಿದೆ’ ಅಂತ ಅವನ ಮೇಲೆ ಶಾಲು ಹೊದಿಸಿಬಿಟ್ಟೆ. ಅವನೆಲ್ಲಿ ಮುನ್ನಡೆಸುತ್ತಿದ್ದ? ಚಾಲುಕ್ಯರ ಕಾಲದ ಕಂಬ ಅದು, ಅಂಗೈಯಗಲ ಜಾಗವನ್ನೂ ಖಾಲಿ ಬಿಟ್ಟಿಲ್ಲ. ಬಿಸಿಲು ಸರಿದ ಹಾಗೆ ಕೆತ್ತನೆಯ ನೆರಳೂ ಸರಿಯುತ್ತದೆ. ಬೆಳಿಗ್ಗೆ ಬರೆದ ಗೆರೆ ಮಧ್ಯಾಹ್ನಕ್ಕೆ ಸುಳ್ಳಾಗುತ್ತದೆ. ಪಾಪ, ಅವನ ಕಷ್ಟ ಅವನದು. ನೀನು ಪಕ್ಕದಲ್ಲಿ ಕೂತು ಒಂದು ಮಾತು ಕೇಳಲಿಲ್ಲ.

ಬರೆಯೋದನ್ನೇ ಬಿಟ್ಟುಬಿಡಲಾ ಅಂತ ಕೇಳಿದ್ದೀಯ. ಬಿಡೋದಿದ್ದರೆ ಇವನನ್ನು ಬರೆದು ಬಿಡು. ಉಳಿದ ಮೂವತ್ತೊಂಬತ್ತು ಪುಟ ಸುಮ್ನೆ ನನ್ನ ಹತ್ತಿರ ಇರಲಿ, ವಾಪಸ್ ಕಳಿಸುವುದಿಲ್ಲ.

ನಾಲ್ಕನೇ ದಿನ ಅವನು ಬಂದಿದ್ದನಾ?

ನಿನ್ನ ಕಾಕಾ