ಜೀವ ಇರುವ ಪುಡಿಯನ್ನು ಯೂರಿಯಾ ಥರ ಮಾರಬೇಡಿ

ಮಾನ್ಯರೇ,

ಸಂಕ್ರಾಂತಿಗೆಂದು ಹತ್ತು ಗುಂಟೆಯಲ್ಲಿ ಗೆಣಸು ಹಾಕಿದ್ದೆ. ಅರ್ಧಕ್ಕರ್ಧ ಮೂತಿ ಹುಳುವಿನ ಪಾಲಾಯಿತು. ಮುರಿದರೆ ಒಳಗೆಲ್ಲ ಕಪ್ಪು ಸುರಂಗ, ತುದಿಯಲ್ಲಿ ಅಕ್ಕಿ ಕಾಳಿನಂಥ ಬಿಳಿ ಮರಿ. ಇಂಥ ಗೆಣಸು ಬೇಯಿಸಿದರೂ ಕಹಿ. ಹಸುವಿನ ಮುಂದೆ ಹಾಕಿದೆ, ಮೂಸಿ ಮುಖ ತಿರುಗಿಸಿತು.

ಔಷಧಿ ಅಂಗಡಿಯಲ್ಲಿ ಬ್ಯೂವೇರಿಯಾ ಪುಡಿ ಕೊಟ್ಟಿದ್ದರು. ಹುಳು ಕೊಲ್ಲುವ ಬೂಷ್ಟು ಅದು. ಹುಳು ಅದನ್ನು ತಿನ್ನಬೇಕಿಲ್ಲ, ಮೈಗೆ ತಾಕಿದರೆ ಸಾಕು. ಬೀಜಕಣ ಮೊಳೆತು ಮೈಯೊಳಗೆ ಇಳಿಯುತ್ತದೆ. ವಾರ, ಹತ್ತು ದಿನದಲ್ಲಿ ಹುಳು ಸಾಯುತ್ತದೆ, ಮೇಲೆಲ್ಲ ಬಿಳಿ ಬೂಷ್ಟು ಬರುತ್ತದೆ. ನನ್ನ ಹೊಲದಲ್ಲಿ ಅಂಥ ಹುಳು ಹುಡುಕಿದರೂ ಸಿಗಲಿಲ್ಲ. ಹೇಗೆ ಸಿಗಬೇಕು? ಆ ಪ್ಯಾಕೆಟ್ ಬೇಸಿಗೆಯಿಂದ ತಗಡಿನ ಶೀಟಿನ ಕೆಳಗೆ, ಯೂರಿಯಾ ಚೀಲದ ಪಕ್ಕ ಬಿದ್ದಿತ್ತು. ಆ ಕಾವಿಗೆ ಬೂಷ್ಟು ಸತ್ತೇ ಹೋಗಿರಬೇಕು. ನನ್ನದೂ ತಪ್ಪಿದೆ ಅನ್ನಿ, ಮಟಮಟ ಮಧ್ಯಾಹ್ನ ಹೊಡೆದೆ. ಬಿಸಿಲು ಈ ಬೂಷ್ಟಿಗೆ ಆಗದು. ಸಂಜೆ, ಮಣ್ಣು ಹಸಿ ಇದ್ದಾಗ ಹೊಡೆಯಬೇಕು.

ಗೆಡ್ಡೆಯೊಳಗೆ ಸೇರಿಕೊಂಡ ಮರಿಗೆ ಸಿಂಪಡಣೆ ತಲುಪುವುದೇ ಇಲ್ಲ. ಇರುವೆಯಂತೆ ಕಾಣುವ, ಕೆಂಪು ಕತ್ತಿನ ಬೆಳೆದ ಹುಳು ಮೊಟ್ಟೆ ಇಡುವ ಮೊದಲೇ ಸಿಕ್ಕಬೇಕು. ಬಳ್ಳಿಯ ಬುಡಕ್ಕೆ ಮಣ್ಣು ಏರಿಸಿ ಬಿರುಕು ಮುಚ್ಚಬೇಕು, ಹೆಣ್ಣು ಹುಳುವಿನ ವಾಸನೆಯಿಂದ ಗಂಡು ಹುಳುಗಳನ್ನು ಸೆಳೆಯುವ ಮೋಹಕ ಬಲೆ ಇಡಬೇಕು. ಕ್ಯೂಬಾದ ರೈತರು ಬಲೆ, ಬ್ಯೂವೇರಿಯಾ ಎರಡರ ಜೊತೆ ಹುಳು ತಿನ್ನುವ ಇರುವೆಗಳನ್ನೂ ಹೊಲಕ್ಕೆ ತಂದು ಬಿಟ್ಟರು. ನಮಗೆ ಸಿಗುವುದು ಪ್ಯಾಕೆಟ್ ಮಾತ್ರ.

ಇಷ್ಟಾದರೆ ಸುಮ್ನೆ ಇರುತ್ತಿದ್ದೆ. ನಮ್ಮ ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತೇವೆ. ಸುಣ್ಣಕಟ್ಟು ರೋಗದಲ್ಲಿ ಹುಳು ಸೀಮೆಸುಣ್ಣದ ಹಾಗೆ ಬೆಳ್ಳಗೆ, ಗಟ್ಟಿಯಾಗಿ ಬೀಳುತ್ತದಲ್ಲ, ಅದಕ್ಕೆ ಕಾರಣ ಇದೇ ಬ್ಯೂವೇರಿಯಾ! ಇಟಲಿಯ ವಿಜ್ಞಾನಿ ಅಗೊಸ್ಟಿನೊ ಬಾಸಿ 1835ರಲ್ಲಿ ಇದನ್ನು ತೋರಿಸಿಕೊಟ್ಟಿದ್ದೂ ರೇಷ್ಮೆ ಹುಳುವಿನಲ್ಲೇ. ಪ್ಯಾಕೆಟ್ ಮೇಲಿನ 'ಬಾಸಿಯಾನಾ' ಅವರದೇ ಹೆಸರು. ನನ್ನ ಗೆಣಸಿನ ಪಕ್ಕದಲ್ಲೇ ಹಿಪ್ಪುನೇರಳೆ ಸೊಪ್ಪಿದೆ. ಅಂಗಡಿಯವರು ಒಂದು ಮಾತು ಕೇಳಲಿಲ್ಲ. ಪುಡಿ ಸತ್ತಿದ್ದರಿಂದಲೇ ನಮ್ಮ ಹುಳು ಉಳಿದವೋ ಏನೋ.

ಇದು ರಾಸಾಯನಿಕಕ್ಕಿಂತ ಒಳ್ಳೆಯದು, ಬೇಡ ಅನ್ನುತ್ತಿಲ್ಲ. ಆದರೆ ರೈತ ಸಂಪರ್ಕ ಕೇಂದ್ರಗಳಲ್ಲಿ ತಂಪು ಜಾಗದಲ್ಲಿಟ್ಟು ಕೊಡಲಿ. ಸೊಪ್ಪಿನ ತೋಟ, ಹುಳು ಮನೆ ಹತ್ತಿರ ಬಳಸಬೇಡಿ ಎಂದು ಕನ್ನಡದಲ್ಲಿ ದಪ್ಪ ಅಕ್ಷರದಲ್ಲಿ ಬರೆಸಲಿ. ಕೃಷಿ ಇಲಾಖೆ, ರೇಷ್ಮೆ ಇಲಾಖೆ ಎರಡೂ ಒಂದು ಸಲ ಕೂತು ಮಾತಾಡಿದರೆ ಆಗುವ ಕೆಲಸ ಇದು.

– ಗೆಣಸು, ರೇಷ್ಮೆ ಬೆಳೆಗಾರ, ಶಿಡ್ಲಘಟ್ಟ ತಾಲ್ಲೂಕು