ಬಾದಾಮಿ ಫೋಟೋ ಹಾಕುವ ಮುಂಚೆ ಇದನ್ನು ಓದಿ

ಎಲ್ಲರಿಗೂ ನಮಸ್ಕಾರ. ಬಾದಾಮಿ ಊರಿನ ಗುಹೆ, ದೇವಸ್ಥಾನಗಳ ಫೋಟೋ ಎಡಿಟ್ ಮಾಡುವಾಗ ದಯವಿಟ್ಟು ಮೊದಲೇ ಬಣ್ಣದ ಗಾಢತೆ ಹೆಚ್ಚಿಸುವ ಸ್ಯಾಚುರೇಷನ್‌ಗೆ ಕೈ ಹಾಕಬೇಡಿ. ಅದು ಎಲ್ಲ ಬಣ್ಣವನ್ನೂ ಒಟ್ಟಿಗೆ ಏರಿಸುತ್ತದೆ, ಮೊದಲೇ ಕೆಂಪಗಿರುವ ಮರಳುಗಲ್ಲು ಇನ್ನೂ ಕೆಂಪಾಗಿ ಕಲ್ಲಿನ ಪದರ, ಕೆತ್ತನೆಯ ಗೆರೆ ಎಲ್ಲ ಮುಚ್ಚಿಹೋಗುತ್ತವೆ, ಮುಂದೆ ನಿಂತವರ ಮುಖವೂ ಕಿತ್ತಳೆ ಆಗುತ್ತದೆ. ಅಷ್ಟು ಚೆಂದದ ಕಲ್ಲನ್ನು ಸುಮ್ನೆ ಕೆಡಿಸಿದ ಹಾಗೆ ಅಲ್ವಾ?

ಮೊದಲು ವೈಟ್ ಬ್ಯಾಲೆನ್ಸ್ ನೋಡಿ, ಅಂದರೆ ಬಿಳಿ ಬಿಳಿಯಾಗೇ ಕಾಣುವ ಹಾಗೆ ಬಣ್ಣ ಸರಿಮಾಡಿ. ನೆರಳಲ್ಲಿ ತೆಗೆದದ್ದು ನೀಲಿಯಾಗಿ ಕಂಡರೆ ಟೆಂಪರೇಚರ್ ಸ್ವಲ್ಪ ಹಳದಿ ಕಡೆಗೆ ಎಳೆಯಿರಿ. ಆಮೇಲೆ ಹೈಲೈಟ್ಸ್ (ತುಂಬ ಬೆಳಕಿರುವ ಭಾಗಗಳು) ಇಳಿಸಿ, ಆಕಾಶ ಪೂರ್ತಿ ಬೆಳ್ಳಗಾಗಿರದಿದ್ದರೆ ನೀಲಿ ವಾಪಸ್ ಬರುತ್ತದೆ. ಬಣ್ಣದ ಕೆಲಸ ಇದಾದ ಮೇಲೆ. ಲೈಟ್‌ರೂಮ್ ಎಡಿಟಿಂಗ್ ಆ್ಯಪ್ ಇದ್ದವರು ವೈಬ್ರೆನ್ಸ್ ಬಳಸಿ. ಅದು ಮಂಕಾದ ಬಣ್ಣಗಳನ್ನೇ ಜಾಸ್ತಿ ಎತ್ತುತ್ತದೆ, ಮುಖದ ಬಣ್ಣವನ್ನು ಅಷ್ಟಾಗಿ ಮುಟ್ಟುವುದಿಲ್ಲ. ಅಲ್ಲಿನ ಅಗಸ್ತ್ಯ ತೀರ್ಥ ಕೆರೆಯ ಹಸಿರು ನೀರೊಂದೇ ಎದ್ದು ಕಾಣಬೇಕೆಂದರೆ ಅದೇ ಆ್ಯಪಿನ ಕಲರ್ ಮಿಕ್ಸ್‌ನಲ್ಲಿ ಹಸಿರನ್ನಷ್ಟೇ ಬದಲಿಸಿ, ಕಲ್ಲು ಹಾಗೇ ಉಳಿಯುತ್ತದೆ. ಸ್ನ್ಯಾಪ್‌ಸೀಡ್‌ನಲ್ಲಾದರೆ ಸೆಲೆಕ್ಟಿವ್ ಅನ್ನುವ ಸಾಧನ ಇದೆ, ನೀರಿನ ಮೇಲೆ ಬೆರಳಿಟ್ಟು ಆ ಜಾಗವನ್ನು ಮಾತ್ರ ಸರಿಮಾಡಬಹುದು.

ವಾಟ್ಸಾಪ್ ಗುಂಪಿಗೆ ಕಳಿಸುವಾಗ ಡಾಕ್ಯುಮೆಂಟ್ ಆಗಿ ಕಳಿಸಿ. ಮಾಮೂಲಿ ಫೋಟೋ ಥರ ಹಾಕಿದರೆ ವಾಟ್ಸಾಪ್ ಅದನ್ನು ಕುಗ್ಗಿಸುತ್ತದೆ.